ಕಾಲು ಮುರಿದ ಕೇಸಿಗೆ ಲೋಕ ಅದಾಲತ್: ಎಕ್ಸ್‌ರೇ ನೋಡಿಯೇ ರಾಜಿ ಮಾಡಿಕೊಳ್ಳಿ

ಬೈಪಾಸಿನಲ್ಲೋ ಗಬ್ಬೂರು ಕ್ರಾಸಿನಲ್ಲೋ ಗಾಡಿ ಬಡಿದು ಮೊಣಕಾಲ ಕೆಳಗಿನ ಎರಡೂ ಎಲುಬು ಮುರಿದವರಿಗೆ ಹುಬ್ಬಳ್ಳಿ, ಧಾರವಾಡದ ಕೋರ್ಟುಗಳಲ್ಲಿ ನಡೆಯುವ, ಪರಿಹಾರದ ಕೇಸನ್ನು ವಿಮಾ ಕಂಪನಿಯೊಂದಿಗೆ ರಾಜಿಯಲ್ಲಿ ಮುಗಿಸುವ ರಾಷ್ಟ್ರೀಯ ಲೋಕ ಅದಾಲತ್ ನಿಜಕ್ಕೂ ಉಪಯೋಗದ ಸೇವೆ. ಶುಲ್ಕವಿಲ್ಲ, ಡಾಕ್ಟರ್ ಸಾಕ್ಷಿಗಾಗಿ ತಾರೀಖಿನ ಮೇಲೆ ತಾರೀಖು ಕಾಯಬೇಕಿಲ್ಲ, ವಿಮಾ ಕಂಪನಿ ಮೇಲ್ಮನವಿ ಹಾಕಿ ದುಡ್ಡು ತಡೆಯುವಂತಿಲ್ಲ. ಆದರೆ ಆ ಬಾಗಿಲು ಗಾಯಾಳುವಿಗೂ ಮುಚ್ಚುತ್ತದೆ. ಅಪಘಾತ ಪರಿಹಾರದ ಕೇಸು ಕೇಳುವ ಟ್ರಿಬ್ಯುನಲ್ ಕೊಟ್ಟದ್ದು ಕಡಿಮೆ ಎನಿಸಿದರೆ 90 ದಿನದೊಳಗೆ ಧಾರವಾಡದ ಹೈಕೋರ್ಟ್ ಪೀಠಕ್ಕೆ ಹೋಗಬಹುದು; ರಾಜಿಗೆ ಸಹಿ ಬಿದ್ದರೆ ಮೇಲ್ಮನವಿ ಇಲ್ಲ.

ಹಾಗಾಗಿ ಮೊದಲು ಎಲುಬು ನೋಡಿ. ಮೊಣಕಾಲ ಕೆಳಗಿನ ದಪ್ಪ ಎಲುಬಿನ ಮುಂಬದಿಗೆ ಮಾಂಸವಿಲ್ಲ, ಬರೀ ಚರ್ಮ. ಅದಕ್ಕೇ ಅದು ಮುರಿದಾಗ ಹೊರಗೆ ಬರುತ್ತದೆ, ಕೀವಾಗುತ್ತದೆ, ಕೂಡಲು ತಡವಾಗುತ್ತದೆ. ರಾಡು ಹಾಕಿದ ಸಾದಾ ಮುರಿತಕ್ಕೇ ನಾಲ್ಕರಿಂದ ಆರು ತಿಂಗಳು ಬೇಕು, ಗಾಯ ತೆರೆದಿದ್ದರೆ ಇನ್ನೂ ಹೆಚ್ಚು. ಎದುರಿನಿಂದ ಒಂದು, ಪಕ್ಕದಿಂದ ಒಂದು ಎಕ್ಸ್‌ರೇ ತೆಗೆಸಿದರೆ ಎಲುಬಿನ ನಾಲ್ಕು ಅಂಚು ಕಾಣುತ್ತವೆ. ಮೂರರಲ್ಲಾದರೂ ಹೊಸ ಎಲುಬು ಬಿರುಕು ದಾಟಿ ಕೂಡಿರಬೇಕು. ರಾಡಿನ ಕೆಳಗಿನ ಸ್ಕ್ರೂ ಮುರಿದು ಬಿರುಕು ಕರಿಗೆರೆಯಾಗಿಯೇ ಉಳಿದಿದ್ದರೆ ರಾಜಿ ಬೇಡ. ರಾಡು ಬದಲಿಸಿ, ಸೊಂಟದ ಎಲುಬಿನ ಚೂರು ತೆಗೆದು ಬಿರುಕಿಗೆ ತುಂಬುವ ಆಪರೇಷನ್ ಬರಬಹುದು; ಆ ಖರ್ಚು ರಾಜಿಯ ಮೊತ್ತದಲ್ಲಿ ಸೇರಿರದಿದ್ದರೆ ಕೈಯಿಂದಲೇ ಹಾಕಬೇಕು.

ಕಾಯಿರಿ ಎಂದರೆ ಅರ್ಜಿಯನ್ನೇ ತಡಮಾಡಿ ಎಂದಲ್ಲ. 2022ರ ಏಪ್ರಿಲ್‌ನಿಂದ ಅಪಘಾತವಾದ ಆರು ತಿಂಗಳೊಳಗೆ ಅರ್ಜಿ ಹಾಕಬೇಕೆಂಬ ನಿಯಮವಿದೆ. ಅರ್ಜಿ ಬೇಗ ಹಾಕಿ, ರಾಜಿಗೆ ನಿಧಾನವಾಗಿ ಕೂತುಕೊಳ್ಳಿ.

ಮೊತ್ತದ ಲೆಕ್ಕ ಮನೆಯಲ್ಲೇ ಮಾಡಿಕೊಂಡು ಹೋಗಿ. ವಯಸ್ಸು 35, ತಿಂಗಳ ಆದಾಯ 15,000 ಎಂದಿಟ್ಟುಕೊಳ್ಳಿ. ಡಾಕ್ಟರ್ ಕಾಲಿಗೆ ಶೇ. 24 ನ್ಯೂನತೆ ಬರೆದರೆ, ಸಾಮಾನ್ಯವಾಗಿ ಅದರ ಮೂರನೇ ಒಂದು ಭಾಗ, ಶೇ. 8, ಇಡೀ ದೇಹಕ್ಕೆ ಹಿಡಿಯುತ್ತಾರೆ. ಆ ವಯಸ್ಸಿಗೆ ಗುಣಕ, ಅಂದರೆ ವರ್ಷದ ನಷ್ಟವನ್ನು ಎಷ್ಟರಿಂದ ಗುಣಿಸಬೇಕೆಂಬ ಸಂಖ್ಯೆ, 16. ಅಲ್ಲಿಗೆ ಮುಂದಿನ ಆದಾಯ ನಷ್ಟವೇ 2,30,400. ನೋವು, ಆಸ್ಪತ್ರೆ ಬಿಲ್ಲು, ಕೂತುಂಡ ತಿಂಗಳುಗಳ ಕೂಲಿ, ರಾಡು ತೆಗೆಸುವ ಖರ್ಚು ಎಲ್ಲ ಬೇರೆ. ಅಮರಗೋಳ ಎಪಿಎಂಸಿಯ ಹಮಾಲರಿಗೋ ಗೌಂಡಿಗೋ ಈ ಮೂರನೇ ಒಂದರ ಲೆಕ್ಕ ಅನ್ಯಾಯ. ಚೀಲ ಹೊರುವವರ ಪಾದದ ಕೀಲು ಮಡಚದಿದ್ದರೆ ಕೆಲಸವೇ ಹೋಯಿತು. ಕಸುಬಿಗೆ ಆದ ನಷ್ಟ ನೋಡಬೇಕೆಂದು ಸುಪ್ರೀಂ ಕೋರ್ಟೇ 2010ರಲ್ಲಿ ಹೇಳಿದೆ, ಅದನ್ನು ಕೇಳಿ. ಶೇ. 15 ಒಪ್ಪಿದರೆ ಅದೇ ಲೆಕ್ಕ 4,32,000 ಆಗುತ್ತದೆ.

ಬರೀ ಶೇಕಡಾ ಬರೆದ ಸರ್ಟಿಫಿಕೇಟು ಮಾತುಕತೆಯಲ್ಲಿ ನಿಲ್ಲುವುದಿಲ್ಲ. ಮೊಣಕಾಲು, ಪಾದದ ಕೀಲು ಎಷ್ಟು ಡಿಗ್ರಿ ಮಡಚುತ್ತವೆ, ಕಾಲು ಎಷ್ಟು ಸೆಂಟಿಮೀಟರ್ ಗಿಡ್ಡಾಗಿದೆ ಎಂದು ಅಳತೆ ಬರೆಸಿ. ಡಿಸ್ಚಾರ್ಜ್ ಕಾರ್ಡಿನಲ್ಲಿ ಎಡ, ಗಾಯದ ಪ್ರಮಾಣಪತ್ರದಲ್ಲಿ ಬಲ ಎಂದಿದ್ದರೆ ಮೊದಲೇ ತಿದ್ದಿಸಿ.

ವಕೀಲರ ಫೀಸಿಗೆ ಕಷ್ಟವಿದ್ದರೆ ಕಾನೂನು ಸೇವಾ ಪ್ರಾಧಿಕಾರದ ಸಹಾಯವಾಣಿ 15100ಕ್ಕೆ ಫೋನು ಮಾಡಿ. ಹೆಣ್ಣುಮಕ್ಕಳಿಗೆ, ಪರಿಶಿಷ್ಟ ಜಾತಿ ಪಂಗಡದವರಿಗೆ ಆದಾಯ ಎಷ್ಟಿದ್ದರೂ ಉಚಿತ ಕಾನೂನು ನೆರವಿದೆ. ರಾಜಿಯ ದಿನ ಸಹಿಗೆ ಮುಂಚೆ ಎರಡು ಮಾತು ಕೇಳಿ: ಹೇಳುತ್ತಿರುವ ಮೊತ್ತದಲ್ಲಿ ಬಡ್ಡಿ ಸೇರಿದೆಯೋ, ಹಣ ಎಷ್ಟು ದಿನದಲ್ಲಿ ಜಮಾ ಆಗುತ್ತದೆ. ಎರಡನ್ನೂ ರಾಜಿಪತ್ರದಲ್ಲಿ ಬರೆಸಿ.