ಬರಿಗಾಲ ಓಟ, ತೆಳು ಸೋಲ್‌ನ ಶೂ: ಶುರು ಮಾಡುವ ಮುಂಚೆ ನನ್ನ ಬಲಗಾಲಿಗೆ ಆದದ್ದನ್ನು ಓದಿ

ನೀವು ಬರಿಗಾಲಲ್ಲಿ ಅಥವಾ ತೆಳು ಸೋಲ್‌ನ ಶೂ ಹಾಕಿಕೊಂಡು ಓಡುತ್ತಿದ್ದೀರಾ? ಪಾದದ ಮೇಲ್ಭಾಗದಲ್ಲಿ, ಎರಡನೇ ಅಥವಾ ಮೂರನೇ ಬೆರಳಿನ ಹಿಂದೆ, ಒಂದೇ ಜಾಗದಲ್ಲಿ ನೋವಿದೆಯಾ? ಹಾಗಿದ್ದರೆ ನಾಳೆ ಬೆಳಿಗ್ಗೆ ಓಡಬೇಡಿ. ಉಳಿದದ್ದನ್ನು ಆಮೇಲೆ ಓದಿದರೂ ನಡೆಯುತ್ತದೆ. ನನಗೂ ಅದೇ ಜಾಗದಲ್ಲಿ ನೋವಿತ್ತು. ನಾನು ಓಡಿದೆ. ಎಲುಬು ಬಿರುಕು ಬಿಟ್ಟಿತು.

ನಾನು ವಿಜಯಪುರದಲ್ಲಿ ಹೈಸ್ಕೂಲ್ ಶಿಕ್ಷಕಿ. ವಯಸ್ಸು 41. ಹುಟ್ಟಿ ಬೆಳೆದದ್ದು ಸಿಂದಗಿ ಕಡೆಯ ಹಳ್ಳಿಯಲ್ಲಿ. ಏಳನೇ ಕ್ಲಾಸಿನವರೆಗೆ ಶಾಲೆಗೆ ಹೋದದ್ದು ಬರಿಗಾಲಲ್ಲೇ. ಎರೆ ಹೊಲದ ಬಿರುಕುಗಳ ಮೇಲೆ, ಜೋಳದ ಕೂಳೆಗಳ ನಡುವೆ ಓಡಾಡಿದ ಕಾಲು ಇದು. ಇದನ್ನು ಮೊದಲೇ ಯಾಕೆ ಹೇಳುತ್ತಿದ್ದೇನೆ ಅಂದರೆ, ನನ್ನನ್ನು ದಾರಿ ತಪ್ಪಿಸಿದ್ದು ಇದೇ ನೆನಪು. ನಮ್ಮ ಭಾಗದ ಬಹಳ ಜನರಿಗೆ ಇದೇ ಧೈರ್ಯ ಇರುತ್ತದೆ. ಚಿಕ್ಕವರಿದ್ದಾಗ ಬರಿಗಾಲಲ್ಲಿ ಇದ್ದವರು ನಾವು, ನಮಗೇನಾಗುತ್ತದೆ ಅಂತ.

ಓಟ ಶುರು ಮಾಡಿ ಒಂದು ವರ್ಷ ಆಗಿತ್ತು. ಮಾಮೂಲಿ ಶೂ ಹಾಕಿಕೊಂಡು ಗೋಳಗುಮ್ಮಟದ ಕಡೆಯಿಂದ ಸ್ಟೇಡಿಯಂ ಕಡೆಗೆ, ವಾರಕ್ಕೆ ನಾಲ್ಕು ದಿನ, ಐದು ಕಿಲೋಮೀಟರ್. ಮೊಣಕಾಲು ಸ್ವಲ್ಪ ನೋಯುತ್ತಿತ್ತು. ದೊಡ್ಡ ನೋವೇನಲ್ಲ, ಮೆಟ್ಟಿಲು ಇಳಿಯುವಾಗ ಗೊತ್ತಾಗುವಷ್ಟು. ಅದನ್ನು ಬೆಳಗಿನ ಓಟದ ಗುಂಪಿನಲ್ಲಿ ಹೇಳಿದೆ. ಗುಂಪಿಗೆ ಹೇಳಿಕೊಡುತ್ತಿದ್ದವರು ನನ್ನ ಶೂ ನೋಡಿ, ಇದರ ದಪ್ಪ ಹಿಮ್ಮಡಿಯೇ ನಿಮ್ಮ ರೋಗ ಅಂದರು. ಮನುಷ್ಯ ಹುಟ್ಟಿದ್ದೇ ಬರಿಗಾಲಲ್ಲಿ ಓಡಲಿಕ್ಕೆ ಅಂದರು. ವಾಟ್ಸಾಪ್‌ಗೆ ಅಬೆಬೆ ಬಿಕಿಲಾ ಫೋಟೋ ಬಂತು. 1960ರ ರೋಮ್ ಒಲಿಂಪಿಕ್ಸ್‌ನಲ್ಲಿ ಬರಿಗಾಲಲ್ಲೇ ಮ್ಯಾರಥಾನ್ ಓಡಿ ಚಿನ್ನ ಗೆದ್ದ ಇಥಿಯೋಪಿಯಾದ ಓಟಗಾರ. ಅದೇ ಬಿಕಿಲಾ 1964ರಲ್ಲಿ ಟೋಕಿಯೋದಲ್ಲಿ ಶೂ ಹಾಕಿಕೊಂಡು ಓಡಿ ಮತ್ತೆ ಚಿನ್ನ ಗೆದ್ದರು, ಅದೂ ಮೊದಲಿಗಿಂತ ಕಡಿಮೆ ಸಮಯದಲ್ಲಿ. ಆ ಫೋಟೋ ಯಾರೂ ಹಾಕಲಿಲ್ಲ. ನಾನೂ ಹುಡುಕಲಿಲ್ಲ.

ಇನ್ನೊಬ್ಬರು ಹೇಳಿದ ಮಾತು ಮನಸ್ಸಿಗೆ ನಾಟಿಬಿಟ್ಟಿತು. "ಅಕ್ಕಾರ, ಯುಗಾದಿಗೆ ಮಂದಿ ಶ್ರೀಶೈಲಕ್ಕ ಬರಿಗಾಲಾಗ ನಡಕೋತ ಹೋಗ್ತಾರ. ನಿಮಗ ಐದು ಕಿಲೋಮೀಟರ್ ಏನು ದೊಡ್ಡದರೀ?"

ನಮ್ಮ ಮನೆಯಿಂದಲೂ ಮಲ್ಲಯ್ಯನ ಪಾದಯಾತ್ರೆಗೆ ಹೋದವರಿದ್ದಾರೆ. ಆ ಮಾತಿಗೆ ಎದುರು ಹೇಳಲಿಕ್ಕೆ ಏನೂ ತೋಚಲಿಲ್ಲ. ಈಗ ತೋಚುತ್ತದೆ. ಪಾದಯಾತ್ರೆಯವರು ನಡೆಯುತ್ತಾರೆ, ಓಡುವುದಿಲ್ಲ. ನಡೆಯುವಾಗ ಒಂದು ಕಾಲು ಯಾವಾಗಲೂ ನೆಲದ ಮೇಲೆ ಇರುತ್ತದೆ. ಓಡುವಾಗ ಎರಡೂ ಕಾಲು ಗಾಳಿಯಲ್ಲಿದ್ದು, ಆಮೇಲೆ ಇಡೀ ಮೈ ಒಂದೇ ಕಾಲಿನ ಮೇಲೆ ಬಂದು ಬೀಳುತ್ತದೆ. ಪ್ರತಿ ಹೆಜ್ಜೆಗೂ ಮೈಭಾರದ ಎರಡರಿಂದ ಮೂರು ಪಟ್ಟು ಕಾಲಿನ ಮೇಲೆ. ಐದು ಕಿಲೋಮೀಟರಿಗೆ ಇಂಥ ಹೆಜ್ಜೆ ಸಾವಿರಾರು.

ಆನ್‌ಲೈನ್‌ನಲ್ಲಿ ಶೂ ತರಿಸಿದೆ. ಮಾಮೂಲಿ ಓಟದ ಶೂಗಳಲ್ಲಿ ಹಿಮ್ಮಡಿ ಭಾಗ ಬೆರಳಿನ ಭಾಗಕ್ಕಿಂತ ಸಾಮಾನ್ಯವಾಗಿ 8ರಿಂದ 12 ಮಿಲಿಮೀಟರ್ ಎತ್ತರ ಇರುತ್ತದೆ. ಇದರಲ್ಲಿ ಎತ್ತರದ ವ್ಯತ್ಯಾಸವೇ ಇಲ್ಲ, ಮೆತ್ತನೆಯೂ ಇಲ್ಲ. ಕಡ್ಡಿ ತುಳಿದರೂ ಗೊತ್ತಾಗುವಷ್ಟು ತೆಳು. ಅದರ ಜೊತೆ ಬಂದ ಚೀಟಿಯಲ್ಲಿ ನಿಧಾನವಾಗಿ ರೂಢಿ ಮಾಡಿಕೊಳ್ಳಿ ಅಂತ ಒಂದು ಸಾಲು ಇತ್ತು. ನಿಧಾನ ಅಂದರೆ ಎಷ್ಟು ದಿನ, ಎಷ್ಟು ದೂರ? ಅದು ಇರಲಿಲ್ಲ.

ಜುಲೈ ಕೊನೆಗೆ ಶುರು ಮಾಡಿದೆ. ಮೊದಲ ದಿನ ಎರಡು ಕಿಲೋಮೀಟರ್. ಮರುದಿನ ಮೀನಖಂಡ ಎಷ್ಟು ಬಿಗಿದುಕೊಂಡಿತ್ತು ಅಂದರೆ, ಮೇಲಿನ ಮಹಡಿಯ ಕ್ಲಾಸಿಗೆ ಗೋಡೆ ಹಿಡಿದುಕೊಂಡು ಹತ್ತಿದೆ. ಮುಂಗಾಲ ಮೇಲೆ, ಅಂದರೆ ಹಿಮ್ಮಡಿಯ ಬದಲು ಪಾದದ ಮುಂಭಾಗ ಮೊದಲು ನೆಲಕ್ಕೆ ತಾಗುವ ಹಾಗೆ, ಇಳಿಯಲು ಕಲಿಯುತ್ತಿದ್ದೀರಿ, ಮೀನಖಂಡ ಕೆಲಸಕ್ಕೆ ಹತ್ತಿದೆ, ಒಳ್ಳೆಯ ಲಕ್ಷಣ ಅಂತ ಗುಂಪಿನವರು ಅಂದರು. ಅದು ಅಷ್ಟರಮಟ್ಟಿಗೆ ನಿಜವೇ. ಒಂದೆರಡು ವಾರಕ್ಕೆ ಬಿಗಿತ ಹೋಯಿತು. ಮೊಣಕಾಲು ನೋವೂ ಕಡಿಮೆ ಆಯಿತು. ಮೂರನೇ ವಾರ ಐದು ಕಿಲೋಮೀಟರ್, ಐದನೇ ವಾರ ಎಂಟು. ಮೈ ಹಗುರ ಅನಿಸುತ್ತಿತ್ತು. ಸಿಕ್ಕವರಿಗೆಲ್ಲ ಈ ಶೂ ತಗೊಳ್ಳಿ ಅಂತ ಹೇಳುತ್ತಿದ್ದೆ. ನಮ್ಮ ಶಾಲೆಯ ಇಬ್ಬರಿಗೆ ತರಿಸಿಯೂ ಕೊಟ್ಟೆ. ಇದು ಈಗಲೂ ನನ್ನನ್ನು ಚುಚ್ಚುತ್ತದೆ.

ಆಗ ನನಗೆ ಗೊತ್ತಿರದಿದ್ದ ಒಂದು ಸಂಗತಿ ಇದೆ. ಮುಂಗಾಲ ಮೇಲೆ ಇಳಿದರೆ ಮೊಣಕಾಲಿನ ಮೇಲಿನ ಹೊರೆ ಕಡಿಮೆ ಆಗುವುದು ಹೌದು. ಆದರೆ ಆ ಹೊರೆ ಎಲ್ಲೂ ಹೋಗಿರುವುದಿಲ್ಲ. ಮೀನಖಂಡ, ಹಿಮ್ಮಡಿಯ ಹಿಂದಿನ ನರದಂಥ ದಪ್ಪ ಪಟ್ಟಿ, ಪಾದದ ಉದ್ದನೆಯ ಸಣ್ಣ ಎಲುಬುಗಳು, ಇವುಗಳ ಮೇಲೆ ಬಂದು ಕೂತಿರುತ್ತದೆ. ನನ್ನ ಮೊಣಕಾಲು ಸುಮ್ಮನಾದ ದಿನಗಳಲ್ಲೇ ಪಾದದ ಎಲುಬು ಸೋಲುತ್ತಿತ್ತು.

ಸೆಪ್ಟೆಂಬರ್ ಮೊದಲ ವಾರ ಬಲಪಾದದ ಮೇಲೆ ನೋವು ಕಾಣಿಸಿತು. ಇದರ ನಡವಳಿಕೆ ಸರಿಯಾಗಿ ತಿಳಿದುಕೊಳ್ಳಿ, ಮೋಸ ಹೋಗುವುದು ಇಲ್ಲೇ. ಓಟ ಶುರು ಮಾಡಿದಾಗ ನೋಯುತ್ತಿತ್ತು. ಒಂದು ಕಿಲೋಮೀಟರ್ ಆದಮೇಲೆ ಕಡಿಮೆ ಆಗುತ್ತಿತ್ತು. ಹಾಗಾಗಿ ಮೈ ಬಿಸಿಯಾದರೆ ಸರಿ ಹೋಗುತ್ತದೆ ಅಂದುಕೊಂಡೆ. ಸಂಜೆ, ದಿನವಿಡೀ ನಿಂತು ಪಾಠ ಮಾಡಿ ಮನೆಗೆ ಬಂದಾಗ, ಮತ್ತೆ ಶುರು. ಪಾದದ ಮೇಲೆ ಸಣ್ಣ ಬಾವು. ಚಪ್ಪಲಿಯ ಪಟ್ಟಿ ತಾಗಿದರೂ ತಡೆಯಲಾಗುತ್ತಿರಲಿಲ್ಲ. ದಿನ ಕಳೆದಂತೆ ನೋವು ಬೇಗ ಬರತೊಡಗಿತು, ತಡವಾಗಿ ಹೋಗತೊಡಗಿತು. ಮಾಂಸದ ನೋವು ಹಾಗಲ್ಲ. ಅದು ಅಗಲವಾಗಿ ಹರಡಿಕೊಂಡಿರುತ್ತದೆ, ಎರಡು ಮೂರು ದಿನಕ್ಕೆ ಇಳಿಯುತ್ತದೆ. ಇದು ಒಂದು ಬೆರಳ ತುದಿಯಷ್ಟು ಜಾಗ. ಅಲ್ಲಿ ಒತ್ತಿದರೆ ಕಣ್ಣಲ್ಲಿ ನೀರು.

ಗುಂಪಿನಲ್ಲಿ ಹೇಳಿದೆ. ಕಾಲು ಗಟ್ಟಿಯಾಗುತ್ತಿದೆ, ನಿಲ್ಲಿಸಬೇಡಿ ಅಂದರು.

ಐದನೇ ದಿನ ಒಂದು ಆಸ್ಪತ್ರೆಗೆ ಹೋಗಿ ಎಕ್ಸ್-ರೇ ತೆಗೆಸಿದೆ. ಏನೂ ಇಲ್ಲ, ಉಳುಕಿದೆ ಅಷ್ಟೇ ಅಂತ ನೋವಿನ ಗುಳಿಗೆ, ಮುಲಾಮು ಬರೆದುಕೊಟ್ಟರು. ಓಡುತ್ತೀರಾ ಅಂತ ಕೇಳಲಿಲ್ಲ. ನಾನೂ ಹೊಸ ಶೂ ವಿಷಯ ಹೇಳಲಿಲ್ಲ. ದಯವಿಟ್ಟು ಇದನ್ನು ನೆನಪಿಡಿ: ಇಂಥ ಕೂದಲೆಳೆಯ ಬಿರುಕು ಮೊದಲ ಎರಡು ಮೂರು ವಾರ ಎಕ್ಸ್-ರೇಯಲ್ಲಿ ಬಹಳ ಸಲ ಕಾಣುವುದೇ ಇಲ್ಲ. ಎಲುಬು ತಾನೇ ಅದನ್ನು ಕೂಡಿಸಲು ಶುರು ಮಾಡಿ, ಸುತ್ತ ಹೊಸ ಎಲುಬು ಕಟ್ಟಿದಮೇಲೆ ಕಾಣುತ್ತದೆ. ಬೇಗ ಗೊತ್ತಾಗಬೇಕಾದರೆ ಎಂಆರ್‌ಐ ಬೇಕು. ಅಷ್ಟು ಖರ್ಚು ಬೇಡ ಅನ್ನುವವರು ಓಟ ನಿಲ್ಲಿಸಿ, ಎರಡು ಮೂರು ವಾರ ಬಿಟ್ಟು ಮತ್ತೆ ಎಕ್ಸ್-ರೇ ತೆಗೆಸಬಹುದೇ ಅಂತ ಡಾಕ್ಟರನ್ನು ಕೇಳಬೇಕು. ನಾನು ಏನೂ ಇಲ್ಲ ಅನ್ನುವ ಮಾತನ್ನು ಹಿಡಿದುಕೊಂಡು, ನಾಲ್ಕು ದಿನ ಸುಮ್ನೆ ಇದ್ದು, ಗುಳಿಗೆ ನುಂಗಿ ಮತ್ತೆ ಓಡಿದೆ. ಗುಳಿಗೆ ನೋವನ್ನು ಮುಚ್ಚಿಟ್ಟಿತು.

ಅದಾದ ಮುಂದಿನ ವಾರ, ಆರು ಕಿಲೋಮೀಟರಿನ ಕೊನೆಗೆ, ರಸ್ತೆಯ ಒಂದು ತಗ್ಗು ತಪ್ಪಿಸಲು ಕಾಲು ಪಕ್ಕಕ್ಕೆ ಇಟ್ಟೆ. ಒಳಗೆ ಏನೋ ಹರಿದ ಹಾಗಾಯಿತು. ಕಾಲು ಊರಲಾಗಲಿಲ್ಲ. ಹಾಲಿನ ಗಾಡಿಯವರೊಬ್ಬರು ಮನೆ ತಲುಪಿಸಿದರು.

ಈ ಸಲ ಬೇರೆ ಎಲುಬಿನ ಡಾಕ್ಟರ ಹತ್ತಿರ ಹೋದೆ. ಎಕ್ಸ್-ರೇಯಲ್ಲಿ ಗೆರೆ ಸ್ಪಷ್ಟವಾಗಿತ್ತು. ಎರಡನೇ ಬೆರಳಿನ ಹಿಂದಿನ ಉದ್ದ ಎಲುಬು. ಅವರು ಅರ್ಧ ಗಂಟೆ ಕೂರಿಸಿಕೊಂಡು ಮಾತಾಡಿದರು. ಹೊರೆ ಹೆಚ್ಚಾದಾಗ ಎಲುಬು ಮೊದಲು ತನ್ನ ಹಳೆಯ ಭಾಗವನ್ನು ಕರಗಿಸಿ ತೆಗೆಯುತ್ತದೆ, ಆಮೇಲೆ ಹೊಸದನ್ನು ತುಂಬುತ್ತದೆ, ತುಂಬಲು ತಿಂಗಳುಗಳೇ ಬೇಕು. ಹಾಗಾಗಿ ಮೊದಲ ಕೆಲವು ವಾರ ಅದು ಮೊದಲಿಗಿಂತ ದುರ್ಬಲ. ಮಾಂಸಖಂಡ ಮಾತ್ರ ಬೇಗ ಗಟ್ಟಿಯಾಗುತ್ತದೆ. ಐದನೇ ವಾರ ಮೈ ಹಗುರ ಅನಿಸಿದ್ದು ಮಾಂಸಖಂಡದ ಮಾತು ಕೇಳಿ. ಎಲುಬಿಗೆ ನಾನು ಸಮಯ ಕೊಟ್ಟಿರಲೇ ಇಲ್ಲ.

ರಕ್ತ ಪರೀಕ್ಷೆಯಲ್ಲಿ ವಿಟಮಿನ್ ಡಿ ತೀರಾ ಕಡಿಮೆ ಬಂತು. ವಿಜಯಪುರದ ಬಿಸಿಲಲ್ಲಿ ಇದ್ದೂ! ಆದರೆ ನಾನು ಓಡುವುದು ಬೆಳಕು ಹರಿಯುವ ಹೊತ್ತಿಗೆ, ಉಳಿದ ಹಗಲೆಲ್ಲ ಕ್ಲಾಸಿನೊಳಗೆ. ಮುಟ್ಟು ಸರಿಯಾಗಿ ಆಗುತ್ತಿದೆಯಾ, ತೂಕ ಇಳಿಸಲಿಕ್ಕೆ ಊಟ ಬಿಟ್ಟಿದ್ದೀರಾ ಅಂತಲೂ ಕೇಳಿದರು. ನಾನು ರಾತ್ರಿ ರೊಟ್ಟಿ ಬಿಟ್ಟು ನಾಲ್ಕು ತಿಂಗಳಾಗಿತ್ತು. ಹೆಣ್ಣುಮಕ್ಕಳೇ, ಇದನ್ನು ಹಗುರವಾಗಿ ತಗೊಳ್ಳಬೇಡಿ. ಊಟ ಕಡಿಮೆ ಮಾಡಿ ಓಟ ಜಾಸ್ತಿ ಮಾಡಿದರೆ, ಮುಟ್ಟು ಏರುಪೇರಾದರೆ, ಇಂಥ ಬಿರುಕಿನ ಅಪಾಯ ಹೆಚ್ಚು.

ಆರು ವಾರ ಗಟ್ಟಿ ಸೋಲ್‌ನ ಬೂಟು. ಹಳ್ಳಿಯಿಂದ ಅವ್ವ ಬಂದು ಅಡುಗೆ ಮಾಡಿದಳು. ದಸರಾದಲ್ಲಿ ಬನ್ನಿ ಕೊಡಲು ಹಿರಿಯರ ಮನೆಗಳಿಗೆ ಹೋಗಲಾಗಲಿಲ್ಲ, ಅವರೇ ನನ್ನ ಕುರ್ಚಿಯ ಹತ್ತಿರ ಬಂದು ಕೊಟ್ಟರು. ಬಹಳ ಸಂಕಟವಾಯಿತು. ಒಂದು ಸಂಜೆ ಅವ್ವನ ಕಾಲು ನೋಡುತ್ತಾ ಕೂತಿದ್ದೆ. ಹಿಮ್ಮಡಿ ಒಡೆದ, ಬೆರಳುಗಳು ಅಗಲವಾಗಿ ಬಿಚ್ಚಿಕೊಂಡ ಕಾಲು. ನೀನು ಜೀವಮಾನವಿಡೀ ಬರಿಗಾಲಲ್ಲಿ ಇದ್ದರೂ ಏನೂ ಆಗಲಿಲ್ಲವಲ್ಲ ಅಂದೆ. "ನಮಗ ಓಡೋ ಕೆಲಸ ಎಲ್ಲಿತ್ತವಾ? ನಡಿಯೋದಷ್ಟ ಇತ್ತು. ಅದೂ ಮಣ್ಣಾಗ. ನೀ ಡಾಂಬರ ಮ್ಯಾಲ ಓಡಿದಿ" ಅಂದಳು. ಗುಂಪಿನಲ್ಲಿ ಯಾರೂ ಹೇಳದ ಮಾತು ಅದು.

ಮಲಗಿದ್ದಾಗ ಬಹಳ ಓದಿದೆ. ಬರಿಗಾಲಿನವರು ಸದಾ ತೋರಿಸುವ ಅಧ್ಯಯನ ಹಾರ್ವರ್ಡ್‌ನ ಡೇನಿಯಲ್ ಲೀಬರ್‌ಮನ್ ಮತ್ತು ಜೊತೆಗಾರರದು, 2010ರಲ್ಲಿ ನೇಚರ್ ಪತ್ರಿಕೆಯಲ್ಲಿ ಬಂದದ್ದು. ಬರಿಗಾಲಲ್ಲೇ ಓಡಿ ಬೆಳೆದವರು ಹೆಚ್ಚಾಗಿ ಮುಂಗಾಲ ಮೇಲೆ ಇಳಿಯುತ್ತಾರೆ, ನೆಲಕ್ಕೆ ತಾಗುವಾಗಿನ ಮೊದಲ ಪೆಟ್ಟು ಕಡಿಮೆ ಇರುತ್ತದೆ ಅಂತ ಅದು ತೋರಿಸಿತು. ಗಾಯ ಕಡಿಮೆ ಆಗುತ್ತದೆ ಅಂತ ಅದು ಸಾಬೀತು ಮಾಡಲಿಲ್ಲ. ಬ್ರಿಗ್‌ಹ್ಯಾಮ್ ಯಂಗ್ ವಿಶ್ವವಿದ್ಯಾಲಯದವರು 2013ರಲ್ಲಿ ಪ್ರಕಟಿಸಿದ ಅಧ್ಯಯನವನ್ನು ಮಾತ್ರ ಯಾರೂ ಹಂಚಲಿಲ್ಲ. ಅದರಲ್ಲಿದ್ದವರು 36 ಅನುಭವಿ ಓಟಗಾರರು. ಅವರಲ್ಲಿ 19 ಜನ 10 ವಾರಗಳಲ್ಲಿ ಹಂತ ಹಂತವಾಗಿ ತೆಳು ಶೂಗೆ ಬದಲಾದರು. ಕೊನೆಗೆ ಎಂಆರ್‌ಐ ಮಾಡಿದಾಗ 10 ಜನರ ಪಾದದ ಎಲುಬಿನೊಳಗೆ ಊತ ಹೆಚ್ಚಾಗಿತ್ತು. ಅವರು ಹತ್ತು ವಾರ ತಗೊಂಡರು. ನಾನು ಐದೇ ವಾರಕ್ಕೆ ಎಂಟು ಕಿಲೋಮೀಟರಿಗೆ ಹೋಗಿದ್ದೆ.

ಬೆರಳು ಬಿಡಿಬಿಡಿಯಾಗಿರುವ ಶೂ ಮಾಡುವ ವೈಬ್ರಾಮ್ ಕಂಪನಿ ಮೇಲೆ, ಆಧಾರವಿಲ್ಲದೆ ಆರೋಗ್ಯದ ಲಾಭಗಳನ್ನು ಹೇಳಿದೆ ಅಂತ ಅಮೆರಿಕದಲ್ಲಿ ಕೇಸು ನಡೆದಿತ್ತು. 2014ರಲ್ಲಿ ಅದು ತಪ್ಪು ಒಪ್ಪಿಕೊಳ್ಳದೆ 37.5 ಲಕ್ಷ ಡಾಲರಿಗೆ ರಾಜಿ ಮಾಡಿಕೊಂಡಿತು. ನನ್ನ ಶೂ ಆ ಕಂಪನಿಯದಲ್ಲ. ಆದರೂ ಕೊಳ್ಳುವ ಮುಂಚೆ ಇಷ್ಟು ಗೊತ್ತಿದ್ದರೆ ಎರಡು ಸಲ ಯೋಚಿಸುತ್ತಿದ್ದೆ.

ಇನ್ನೊಂದು ಸಂಗತಿ, ನನ್ನದಕ್ಕಿಂತ ದೊಡ್ಡದು. ನಮ್ಮ ಗುಂಪಿನಲ್ಲಿ ಶುಗರ್ ಇರುವ ಹಿರಿಯರೊಬ್ಬರು ಮೈದಾನದಲ್ಲಿ ಪೂರ್ತಿ ಬರಿಗಾಲಲ್ಲಿ ಓಡುತ್ತಿದ್ದರು. ನಮ್ಮ ಕಡೆಯ ನೆಲ ಗೊತ್ತಲ್ವಾ, ಜಾಲಿ ಮುಳ್ಳು, ನೆಗ್ಗಿಲ ಮುಳ್ಳು. ಅವರಿಗೆ ಮುಳ್ಳು ಚುಚ್ಚಿದ್ದೇ ಗೊತ್ತಾಗಲಿಲ್ಲ. ಮನೆಯ ನೆಲದ ಮೇಲೆ ರಕ್ತದ ಕಲೆ ನೋಡಿ ಮಗಳು ಕೇಳಿದಮೇಲೆ ಗೊತ್ತಾಯಿತು. ಗಾಯ ಕೀವಾಗಿ ವಾಸಿಯಾಗಲು ಎರಡು ತಿಂಗಳು ಬೇಕಾಯಿತು. ಶುಗರ್ ಬಹಳ ವರ್ಷ ಇದ್ದರೆ ಪಾದದ ಸ್ಪರ್ಶವೇ ಕಡಿಮೆ ಆಗಿರುತ್ತದೆ. ಅಂಥವರು ಬರಿಗಾಲ ಓಟದ ಹತ್ತಿರಕ್ಕೂ ಹೋಗಬಾರದು, ಯಾರು ಏನೇ ಹೇಳಲಿ.

ಎಲ್ಲರಿಗೂ ಇದು ಕೆಟ್ಟದು ಅಂತ ನಾನು ಹೇಳುವುದಿಲ್ಲ. ವರ್ಷಗಟ್ಟಲೆ ತೆಳು ಶೂನಲ್ಲಿ ಆರಾಮಾಗಿ ಓಡುವವರನ್ನು ನೋಡಿದ್ದೇನೆ. ಮಾಡಲೇಬೇಕು ಅನ್ನುವವರು ಮೊದಲ ಕೆಲವು ವಾರ ಮನೆಯಲ್ಲಿ, ಹುಲ್ಲಿನ ಮೇಲೆ ನಡೆಯಲಿ. ಆಮೇಲೆ ಮಾಮೂಲಿ ಶೂನ ಓಟದ ಕೊನೆಗೆ ಐದು ನಿಮಿಷ, ಅದೂ ದಿನ ಬಿಟ್ಟು ದಿನ. ವಾರಗಳಲ್ಲ, ತಿಂಗಳುಗಳ ಲೆಕ್ಕ ಇಟ್ಟುಕೊಳ್ಳಿ. ಸ್ಪರ್ಧೆಯ ತಾರೀಕು ಮುಂದಿಟ್ಟುಕೊಂಡು ಶುರು ಮಾಡಬೇಡಿ.

ನಾನು ಮತ್ತೆ ಓಡಲು ಶುರು ಮಾಡಿದ್ದು ಸಂಕ್ರಾಂತಿಯ ಸಿದ್ಧೇಶ್ವರ ಜಾತ್ರೆ ಮುಗಿದಮೇಲೆ, ಹಳೆಯ ಶೂನಲ್ಲೇ. ಶಾಲೆಯ ಆ ಇಬ್ಬರಿಗೂ ನಡೆದದ್ದೆಲ್ಲ ಹೇಳಿ ತೆಳು ಶೂ ತೆಗೆದಿಡಲು ಹೇಳಿದೆ.

ಕಳೆದ ವಾರ ಸ್ಟೇಡಿಯಂನಲ್ಲಿ ಕಾಲೇಜಿನ ಹುಡುಗಿಯೊಬ್ಬಳು ಅದೇ ಥರದ ಶೂ ಹಾಕಿಕೊಂಡು ಕುಂಟುತ್ತಾ ಬಂದಳು. ಎರಡು ಸುತ್ತು ಓಡಿದರೆ ನೋವು ಹೋಗುತ್ತದೆ ಅಂದಳು. ಕಟ್ಟೆಯ ಮೇಲೆ ಕೂರಿಸಿ, ಶೂ ಬಿಚ್ಚಿಸಿ, ಎರಡನೇ ಬೆರಳಿನ ಹಿಂದೆ ಮೆಲ್ಲಗೆ ಒತ್ತಿದೆ. ಕಾಲು ಕಿತ್ತುಕೊಂಡಳು. ಅವತ್ತೇ ಅವಳ ಅಪ್ಪನಿಗೆ ಫೋನ್ ಮಾಡಿಸಿ ಡಾಕ್ಟರ ಹತ್ತಿರ ಕಳಿಸಿದೆ. ಎಕ್ಸ್-ರೇಯಲ್ಲಿ ಏನೂ ಕಾಣಲಿಲ್ಲವಂತೆ. ಆದರೂ ಓಡುವುದನ್ನು ನಿಲ್ಲಿಸಿದ್ದಾಳೆ. ಮೂರು ವಾರ ಬಿಟ್ಟು ಮತ್ತೆ ತೆಗೆಯುತ್ತಾರೆ.