ಹಲ್ಲರ್ ಗೇಟಿಗೆ ಸ್ಲೈಡ್ ಪಾಟ್ ಬೇಡ, ಎಲ್‌ವಿಡಿಟಿ ಹಾಕಿ

ಹಾಸನದ ಕಾಫಿ ಕ್ಯೂರಿಂಗ್ ವರ್ಕ್ಸ್‌ಗಳಲ್ಲಿ ಹಲ್ಲರಿಗೆ (ಒಣ ಕಾಫಿ ಹಣ್ಣಿನ ಸಿಪ್ಪೆ ಬಿಡಿಸುವ ಯಂತ್ರ) ಚೆರ್ರಿ ಬಿಡುವ ಗೇಟು ಎಷ್ಟು ಮಿಲಿಮೀಟರ್ ತೆರೆದಿದೆ ಎಂದು ಅಳೆಯಬೇಕಾದರೆ ಮೊದಲು ಕೈ ಹೋಗುವುದು ಸ್ಲೈಡ್ ಪಾಟಿಗೆ, ಅಂದರೆ ಜಾರಿಸಿದಂತೆ ರೆಸಿಸ್ಟೆನ್ಸ್ ಬದಲಾಗುವ ಪೊಟೆನ್ಶಿಯೋಮೀಟರಿಗೆ. ಅಗ್ಗ, ಮೂರೇ ವೈರು. ಆದರೆ ಗೇಟು ದಿನವಿಡೀ ಹೆಚ್ಚುಕಮ್ಮಿ ಒಂದೇ ಜಾಗದಲ್ಲಿ ನಿಂತು ನಡುಗುತ್ತಿರುತ್ತದೆ. ಒಳಗಿನ ವೈಪರ್ (ಜಾರುವ ತುದಿ) ಅಲ್ಲೇ ಉಜ್ಜಿ ಉಜ್ಜಿ ರೆಸಿಸ್ಟೆನ್ಸ್ ಪಟ್ಟಿ ಸವೆಯುತ್ತದೆ, ಜೊತೆಗೆ ಹೊಟ್ಟಿನ ಧೂಳು ಬೇರೆ. ಕೊನೆಗೆ ರೀಡಿಂಗ್ ಕುಣಿಯುವುದು ನಮಗೆ ಬೇಕಾದ ಆ ಜಾಗದಲ್ಲೇ! ಕಾಂಟ್ಯಾಕ್ಟ್ ಕ್ಲೀನರ್ ಹೊಡೆದರೆ ಧೂಳು ಹೋದೀತು, ಸವೆದ ಪಟ್ಟಿ ವಾಪಸ್ ಬರದು.

ಎಲ್‌ವಿಡಿಟಿಯಲ್ಲಿ (ಸುರುಳಿಗಳಿಂದ ಸರಿದಾಟ ಅಳೆಯುವ ಸೆನ್ಸರ್) ಅಳೆಯುವ ಕೆಲಸಕ್ಕೆ ಉಜ್ಜಾಟವೇ ಇಲ್ಲ. ನಡುವೆ ಪ್ರೈಮರಿ ಸುರುಳಿ, ಅಕ್ಕಪಕ್ಕ ಒಂದೊಂದು ಸೆಕೆಂಡರಿ, ಒಳಗೆ ಮುಟ್ಟದೆ ಓಡಾಡುವ ನಿಕ್ಕಲ್-ಕಬ್ಬಿಣದ ಕೋರ್. ಪ್ರೈಮರಿಗೆ ಕೆಲವು ಕಿಲೋಹರ್ಟ್ಸ್ ಎಸಿ ಕೊಡಬೇಕು. ಕೋರ್ ಯಾವ ಕಡೆ ಸರಿಯಿತೋ ಆ ಕಡೆಯ ಸೆಕೆಂಡರಿಯಲ್ಲಿ ವೋಲ್ಟೇಜ್ ಏರುತ್ತದೆ, ಇನ್ನೊಂದರಲ್ಲಿ ಇಳಿಯುತ್ತದೆ.

ತಲೆ ತಿನ್ನುವುದು ಈ ಸೆಕೆಂಡರಿಗಳ ಜೋಡಣೆ. ಎರಡನ್ನೂ ಸಾಲಾಗಿ, ಒಂದಕ್ಕೊಂದು ಎದುರಾಗಿ ಸೇರಿಸಬೇಕು. ವೈರಿನ ಬಣ್ಣ ಕಂಪನಿಗೊಂದು ತರಹ, ಆದ್ದರಿಂದ ಊಹೆಯ ಮೇಲೆ ಬೆಸುಗೆ ಹಾಕಬೇಡಿ. ಕೋರನ್ನು ಅಂದಾಜು ಮಧ್ಯಕ್ಕೆ ತಂದು ಆಸಿಲೋಸ್ಕೋಪ್ ಹಿಡಿಯಿರಿ. ಒಂದೊಂದರಲ್ಲಿ 1 ವೋಲ್ಟ್ ಇದ್ದು ಎರಡೂ ಸೇರಿ 2 ವೋಲ್ಟ್ ಬಂದರೆ ಜೋಡಣೆ ತಿರುಗಿದೆ ಎಂದರ್ಥ. ಆಗ ಕೋರ್ ಎತ್ತ ಸರಿದರೂ ಔಟ್‌ಪುಟ್ ಅಷ್ಟಾಗಿ ಅಲ್ಲಾಡದು. ಸೆನ್ಸರೇ ಸತ್ತಿದೆ ಎಂದು ವಾಪಸ್ ಕಳಿಸುವವರು ಇದ್ದಾರೆ. ಒಂದು ಸೆಕೆಂಡರಿಯ ಎರಡು ತುದಿ ಅದಲುಬದಲು ಮಾಡಿದರೆ ಮಧ್ಯದಲ್ಲಿ ಸೊನ್ನೆಯ ಹತ್ತಿರ ಬರುತ್ತದೆ. ಪೂರ್ತಿ ಸೊನ್ನೆ ಆಗದು, ಚೂರು ಉಳಿದೇ ಉಳಿಯುತ್ತದೆ. ಅಗ್ಗದ ಮಲ್ಟಿಮೀಟರಿನ ಎಸಿ ರೇಂಜ್ 50 ಹರ್ಟ್ಸ್‌ಗೆ ಮಾಡಿದ್ದು, ಕಿಲೋಹರ್ಟ್ಸ್‌ನಲ್ಲಿ ಅದರ ಮಾತು ನಂಬಬೇಡಿ.

ಈ ಎಸಿಯನ್ನು ಡಿಸಿ ಮಾಡಲು ಬರೀ ಡಯೋಡ್ ಬ್ರಿಡ್ಜ್ ಹಾಕಿದರೆ ಎಡಕ್ಕೆ 5 ಮಿಲಿಮೀಟರ್, ಬಲಕ್ಕೆ 5 ಮಿಲಿಮೀಟರ್ ಎರಡೂ ಒಂದೇ ಆಗಿ ಕಾಣುತ್ತವೆ. ದಿಕ್ಕು ಅಡಗಿರುವುದು ಫೇಸ್‌ನಲ್ಲಿ, ಅಂದರೆ ಔಟ್‌ಪುಟ್ ಅಲೆ ಪ್ರೈಮರಿಯ ಅಲೆಯ ಜೊತೆಗಿದೆಯೋ ತಲೆಕೆಳಗಾಗಿದೆಯೋ ಎಂಬುದರಲ್ಲಿ. ಅದನ್ನು ಬಿಡಿಸಲು ಎಡಿ698ರಂಥ ಚಿಪ್ ಬೇಕು.

ಗೇಟನ್ನು ಕೋರಿಗೆ ಸೇರಿಸುವ ಕಡ್ಡಿ ಹಿತ್ತಾಳೆಯದಿರಲಿ. ಕಬ್ಬಿಣದ ಬೋಲ್ಟ್ ತುರುಕಿದರೆ ಅಳತೆ ಕೆಡುತ್ತದೆ.

ಇಷ್ಟೆಲ್ಲ ರಗಳೆ ಬೇಡ ಎನ್ನುವವರಿಗೆ ಸರ್ಕ್ಯೂಟ್ ಒಳಗೇ ಇರುವ ಡಿಸಿ ಮಾದರಿ ಇದೆ. 24 ವೋಲ್ಟ್ ಕೊಟ್ಟರೆ 4ರಿಂದ 20 ಮಿಲಿಆಂಪ್ ನೇರ ಪಿಎಲ್‌ಸಿಗೆ (ಯಂತ್ರ ನಡೆಸುವ ಕಂಟ್ರೋಲರ್). ವೈರ್ ಕಿತ್ತರೆ ಸೊನ್ನೆ ಮಿಲಿಆಂಪ್, ತಕ್ಷಣ ಗೊತ್ತಾಗುತ್ತದೆ. ಬೆಲೆ ಪಾಟಿನ ಎಷ್ಟೋ ಪಟ್ಟು, ನಿಜ. ಆದರೂ ಸೀಸನ್ನಿನ ನಡುವೆ ಹಲ್ಲರ್ ನಿಲ್ಲಿಸಿ ಪಾಟ್ ಬದಲಿಸುವ ಕೆಲಸಕ್ಕಿಂತ ಇದೇ ನನಗೆ ಅಗ್ಗ. ಡ್ರೈಯರಿನ ಬಿಸಿಗೆ ಮಾತ್ರ ಎಸಿ ಮಾದರಿಯೇ ಬೇಕು, ಸರ್ಕ್ಯೂಟನ್ನು ದೂರದ ಪ್ಯಾನೆಲ್‌ನಲ್ಲಿ ಇಟ್ಟು.