ಟೆಲಿ ಮಾನಸ್ 14416: ಎರಡು ವರ್ಷಕ್ಕೂ ಮೇಲೆ ಬಳಸಿದ ಮೇಲೆ ನನ್ನ ಅನಿಸಿಕೆ

ಟೆಲಿ ಮಾನಸ್ ಅಂದರೆ ಫೋನಿನಲ್ಲೇ ಸಿಗುವ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ. ಇದು ಜೀವ ಕಳೆದುಕೊಳ್ಳುವ ಯೋಚನೆ ಬಂದವರಿಗೆ ಮಾತ್ರ ಇರುವ ನಂಬರ್ ಅಂತ ತುಂಬಾ ಜನ ಅಂದುಕೊಂಡಿದ್ದಾರೆ. ಹಾಗಲ್ಲ. ನಿದ್ದೆ ಬರಲ್ಲ, ಬೆಳಗ್ಗೆ ಕೆಲಸಕ್ಕೆ ಹೊರಡುವಾಗ ಎದೆ ಡವಡವ ಅನ್ನುತ್ತದೆ, ಪರೀಕ್ಷೆ ಭಯ, ಸಾಲದ ಚಿಂತೆ, ಇಂಥದ್ದಕ್ಕೂ ಕರೆ ಮಾಡಬಹುದು. ನಾನು ಮಾಡಿದ್ದೂ ಇಂಥದ್ದಕ್ಕೇ.

2022ರ ಅಕ್ಟೋಬರ್ 10ರಂದು ಕೇಂದ್ರ ಸರ್ಕಾರ ಇದನ್ನು ಶುರು ಮಾಡಿತು. ನಮ್ಮ ಬೆಂಗಳೂರಿನ ನಿಮ್ಹಾನ್ಸ್ ಇದರ ಮುಖ್ಯ ಕೇಂದ್ರ. 14416 ಅಥವಾ 1800-891-4416, ದಿನದ 24 ಗಂಟೆ, ದುಡ್ಡಿಲ್ಲ. ಭಾಷೆ ಆರಿಸಿಕೊಳ್ಳಬಹುದು, ಕನ್ನಡದಲ್ಲೇ ಮಾತಾಡಬಹುದು. ನನಗೆ ಎಲ್ಲಕ್ಕಿಂತ ದೊಡ್ಡ ವಿಷಯ ಇದೇ. ಅದಕ್ಕೂ ಮೊದಲು ದುಡ್ಡು ಕೊಟ್ಟು ಒಂದು ಧ್ಯಾನದ ಆಪ್ ಹಾಕಿಕೊಂಡಿದ್ದೆ. ಎಲ್ಲಾ ಇಂಗ್ಲಿಷ್, ಸಮುದ್ರದ ಸದ್ದು ಬೇರೆ. ಮನಸ್ಸಿಗೆ ಹತ್ತಲೇ ಇಲ್ಲ. ಸಂಕಟ ಆದಾಗ ನಾವು "ಜೀವ ಹಿಂಡಿದ ಹಾಗಾಗುತ್ತೆ" ಅಂತೀವಿ, ಅದನ್ನು ಹಾಗೇ ಕೇಳಿಸಿಕೊಳ್ಳುವವರು ಬೇಕಲ್ವಾ?

ನಾನು ಒಂದು ಸೊಸೈಟಿಯಲ್ಲಿ ಲೆಕ್ಕ ಬರೆಯುವವಳು. ಮಾರ್ಚ್ ಬಂದರೆ ಊಟ ಸೇರುವುದಿಲ್ಲ. ಅತ್ತ ಕಡೆಯಿಂದ ಮಾತಾಡಿದ ಮೇಡಂ ಮೊದಲು ಕೇಳಿದ್ದು ನಿದ್ದೆ, ಊಟ, ಕಾಫಿಯ ಬಗ್ಗೆ. ಕುಡಿದ ಕೆಫೀನಿನಲ್ಲಿ ಅರ್ಧದಷ್ಟು ಸುಮಾರು ಐದು ತಾಸು ಕಳೆದರೂ ಮೈಯಲ್ಲಿರುತ್ತದೆ, ಹಾಗಾಗಿ ಸಂಜೆಯ ಸ್ಟ್ರಾಂಗ್ ಕಾಫಿ ಬಿಡಿ ಅಂದರು. ಆಮೇಲೆ ಉಸಿರು. ಮೂಗಿನಿಂದ ನಿಧಾನಕ್ಕೆ ಎಳೆದುಕೊಂಡು, ಎಳೆದುಕೊಂಡಿದ್ದಕ್ಕಿಂತ ಜಾಸ್ತಿ ಹೊತ್ತು ಬಿಡಬೇಕು. ಉಸಿರು ಬಿಡುವಾಗ ಎದೆಬಡಿತ ತಾನಾಗೇ ಸ್ವಲ್ಪ ಇಳಿಯುತ್ತದೆ, ಗುಟ್ಟು ಅಷ್ಟೇ. ಬಸ್ಸಲ್ಲಿ ನಿಂತುಕೊಂಡೇ ಮಾಡಬಹುದು, ಪಕ್ಕದವರಿಗೆ ಗೊತ್ತಾಗುವುದೂ ಇಲ್ಲ.

ಆದರೆ ನನ್ನ ಬದುಕಿಗೆ ನಿಜವಾಗಿ ಒಗ್ಗಿದ್ದು ಚಿಂತೆಗೆ ಹೊತ್ತು ಇಡುವುದು. ಸಂಜೆ ಕಾಲು ಗಂಟೆ ಕೂತು ಅಮ್ಮನ ಶುಗರ್, ಮಗಳ ಫೀಸು, ಮನೆ ಸಾಲದ ಕಂತು, ತಲೆಯಲ್ಲಿ ಇರುವುದನ್ನೆಲ್ಲಾ ಒಂದು ನೋಟ್‌ಬುಕ್ಕಿನಲ್ಲಿ ಬರೆಯುವುದು, ನನ್ನ ಕೈಯಲ್ಲಿ ಆಗುವಂಥದ್ದಕ್ಕೆ ನಾಳೆ ಏನು ಮಾಡಬೇಕು ಅಂತ ಪಕ್ಕದಲ್ಲೇ ಒಂದು ಸಾಲು ಹಾಕುವುದು, ಉಳಿದದ್ದನ್ನು ಹಾಗೇ ಬಿಟ್ಟು ಪುಸ್ತಕ ಮುಚ್ಚುವುದು. ರಾತ್ರಿ ಅದೇ ಯೋಚನೆ ಮತ್ತೆ ಬಂದರೆ "ನಾಳೆ ಸಂಜೆ ನೋಡೋಣ" ಅಂತ ಹೇಳಿಕೊಳ್ಳುವುದು. ಮೊದಮೊದಲು ಇದು ಕೆಲಸ ಮಾಡಲಿಲ್ಲ, ಹಟ ಹಿಡಿದು ಮುಂದುವರಿಸಿದ ಮೇಲೆ ಫಲ ಸಿಕ್ಕಿತು. ಈಗ ಕಂತಿನ ಯೋಚನೆ ನಡುರಾತ್ರಿ ಎಬ್ಬಿಸುವುದು ತುಂಬಾ ಕಮ್ಮಿ.

ಮಿತಿಗಳೂ ಇವೆ. ಇದು ಫೋನಿನ ಮಾತು, ಪೂರ್ತಿ ಚಿಕಿತ್ಸೆ ಅಲ್ಲ. ತಿಂಗಳುಗಟ್ಟಲೆ ಕುಗ್ಗಿ ಹೋಗಿದ್ದರೆ, ಕೆಲಸವೇ ಮಾಡಲಾಗದಿದ್ದರೆ, ಎದುರು ಕೂತು ನೋಡುವ ಡಾಕ್ಟರ್ ಬೇಕೇ ಬೇಕು. ಸಹಾಯವಾಣಿಯವರೂ ಅಗತ್ಯ ಇದ್ದರೆ ಮನೋವೈದ್ಯರ ಹತ್ತಿರ, ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮದ ಕಡೆಗೆ ಕಳಿಸುತ್ತಾರೆ. ಕರ್ನಾಟಕದಲ್ಲಿ ಮನೋಚೈತನ್ಯ ಅಂತ ಇದೆ, ತಾಲ್ಲೂಕು ಆಸ್ಪತ್ರೆಗೇ ಮನೋವೈದ್ಯರು ಬಂದು ನೋಡುತ್ತಾರೆ, ಯಾವ ದಿನ ಅಂತ ಅಲ್ಲೇ ಕೇಳಿ. ಎದೆನೋವು ಇದ್ದರಂತೂ ಆತಂಕ ಅಂತ ನೀವೇ ತೀರ್ಮಾನ ಮಾಡಬೇಡಿ, ಮೊದಲು ಹೃದಯ ತೋರಿಸಿಕೊಳ್ಳಿ.

2024ರಲ್ಲಿ ಇದರ ಆಪ್ ಕೂಡ ಬಂತು. ಸ್ಮಾರ್ಟ್‌ಫೋನ್ ಇಲ್ಲದ ಹಿರಿಯರಿಗೆ ಆಪ್ ಬೇಡ, ಕೀಪ್ಯಾಡ್ ಫೋನಿನಿಂದ 14416 ಒತ್ತಿದರೆ ಸಾಕು. ಮೊದಲ ಸಲ ಏನು ಹೇಳಬೇಕು ಅಂತ ತೋಚದಿದ್ದರೆ "ನನಗೆ ಎಲ್ಲಿಂದ ಶುರು ಮಾಡಬೇಕೋ ಗೊತ್ತಾಗ್ತಿಲ್ಲ" ಅಂತಲೇ ಹೇಳಿ, ಮುಂದಿನ ಪ್ರಶ್ನೆ ಅವರೇ ಕೇಳುತ್ತಾರೆ.